ಸಾಕೆನ್ನುವ ಎಲೆ

ಜೂನ್ 18

ಅಕ್ಕಾ,

ಪತ್ರದ ಮೊದಲ ಸಾಲಿನಲ್ಲಿ ನಾವು ಚೆನ್ನಾಗಿದ್ದೇವೆ ಎಂದು ಬರೆಯಬೇಕಂತೆ. ನಾನು ಅಷ್ಟೇನೂ ಚೆನ್ನಾಗಿಲ್ಲ. ಎರಡು ಅಂಗೈಯಲ್ಲೂ ಹಗ್ಗ ಉಜ್ಜಿ ಬೊಬ್ಬೆ ಎದ್ದಿದೆ, ಬಟ್ಟೆ ಒಣಗುವುದಿಲ್ಲ, ಮತ್ತು ನಾನು ಹೊರಟ ದಿನ ನೀನು ಆ ಕೋಣೆಯಿಂದ ಹೊರಗೆ ಬರಲಿಲ್ಲ. ಬಾಗಿಲ ಈಚೆ ನಿಂತು "ಹೋಗಿ ಬರ್ತೀನಿ ಕಣೇ" ಎಂದೆ. ನೀನು ಏನೋ ಅಂದ ಹಾಗಾಯಿತು. ಅದೇನಿರಬಹುದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ. ಬಹುಶಃ ಏನೂ ಅಂದಿರಲಿಲ್ಲ.

ಕೆಲಸ ಏನೆಂದು ಹೇಳುತ್ತೇನೆ. ಕಾಡಿನ ನಡುವೆ ಒಂದು ಕಬ್ಬಿಣದ ಗೋಪುರ, ಇಲ್ಲಿನ ಅತಿ ಎತ್ತರದ ಮರಕ್ಕಿಂತ ಒಂದಾಳು ಎತ್ತರ. ಅದನ್ನು ಹತ್ತಿ, ಕೊಂಬೆಯಲ್ಲಿರುವ ಎಲೆಯನ್ನು ಕೀಳದೆ ಹಾಗೆಯೇ ಒಂದು ಯಂತ್ರದ ಬಾಯಿಗೆ ಕೊಡಬೇಕು. ಬಟ್ಟೆ ಕ್ಲಿಪ್ಪಿನಂತೆ ಅದು ಎಲೆಯನ್ನು ಕಚ್ಚಿಕೊಳ್ಳುತ್ತದೆ. ಎಲೆ ಗಾಳಿಯಿಂದ ಎಷ್ಟು ಇಂಗಾಲದ ಅನಿಲ ಎಳೆದುಕೊಳ್ಳುತ್ತಿದೆ ಎಂಬ ಅಂಕಿ ಪರದೆಯ ಮೇಲೆ ಬರುತ್ತದೆ. ಎಳೆದುಕೊಂಡಷ್ಟು ಆಹಾರ. ದ್ಯುತಿಸಂಶ್ಲೇಷಣೆ. ಶಾಲೆ ಬಿಟ್ಟ ವರ್ಷ ಇದೇ ಪದವನ್ನು ಬೋರ್ಡಿನ ಮೇಲೆ ಬರೆಯಲು ನನ್ನನ್ನು ಎಬ್ಬಿಸಿದ್ದರು. ಒತ್ತಕ್ಷರಗಳೆಲ್ಲ ಎಲ್ಲೆಲ್ಲೋ ಹೋಗಿ ಕೂತವು, ಇಡೀ ತರಗತಿ ನಕ್ಕಿತು. ಇಲ್ಲಿ ಆ ಪದ ಯಾರಿಗೂ ಬೇಡ. ಸಂಶೋಧನೆ ನಡೆಸುವ ಮೇಡಂ ಕೂಡ ಕೆಳಗಿನಿಂದ ಕೂಗುವುದು, "ಏನೇ, ಊಟ ಮಾಡ್ತಿದೆಯಾ ಅದು?" ಎಂದೇ. ಹಗ್ಗ, ಕೊಂಡಿಗಳನ್ನು ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ಹಗ್ಗದಣ್ಣ. ಅವರಿಗೆ ಈ ಮಾತು ಹಿಡಿಸುವುದಿಲ್ಲ. "ಎಲೆ ಮಾಡೋದು ಅಡುಗೆ ಕಣಮ್ಮ. ಊಟ ಮಾಡೋರು ನಾವು. ಸುಮ್ಮನೆ ಅದರ ಮೇಲೆ ಹಾಕ್ಬೇಡಿ" ಎನ್ನುತ್ತಾರೆ.

ಯಂತ್ರದೊಳಗೆ ಪುಟ್ಟ ದೀಪವಿದೆ. ಬೆಳಕನ್ನು ಏರಿಸುತ್ತ ಹೋದಂತೆ ಎಲೆಯ ಊಟವೂ ಏರುತ್ತದೆ. ಒಂದು ಹಂತದಲ್ಲಿ ನಿಂತುಬಿಡುತ್ತದೆ, ಆಮೇಲೆ ಎಷ್ಟು ಬೆಳಕು ಸುರಿದರೂ ಅಷ್ಟೇ. ಆ ಹಂತಕ್ಕೆ ನಾವಿಟ್ಟ ಹೆಸರು 'ಸಾಕು'. ತುದಿಯ ಎಲೆಗಳು ಸಾಕು ಎನ್ನುವುದು ಬಹಳ ತಡವಾಗಿ. ನೆಲದ ಹತ್ತಿರ ಕತ್ತಲಲ್ಲಿ ಬೆಳೆದ ಎಲೆ ಚೂರು ಬೆಳಕಿಗೇ ಸಾಕು ಎನ್ನುತ್ತದೆ.

ಮಳೆಗಾಲವೆಂದರೆ ಕಾಡಿಗೆ ಸುಗ್ಗಿ ಎಂದುಕೊಂಡಿದ್ದೆ. ಅಲ್ಲವಂತೆ. ಬೇರಿಗೆ ಬೇಕಾದಷ್ಟು ನೀರಿದೆ, ಆದರೆ ಮೋಡ ಮುಚ್ಚಿಕೊಂಡು ಬೆಳಕಿಲ್ಲ. ಇಷ್ಟು ಹಸಿರಾಗಿ ಕಾಣುವ ಕಾಡು ಅರೆಹೊಟ್ಟೆಯಲ್ಲಿದೆ.

ಮಗುವಿನ ಬಗ್ಗೆ ಸಮಾಧಾನದ ಮಾತು ನನ್ನ ಹತ್ತಿರ ಇಲ್ಲ ಅಕ್ಕ. ಒಂದು ವಾರ ಕೂಡ ಬದುಕಲಿಲ್ಲ ಅದು. ನಾನು ಅದನ್ನು ಒಂದೇ ಸಲ ಎತ್ತಿಕೊಂಡಿದ್ದೆ, ತಲೆ ಎಲ್ಲಿ ಹಿಡಿಯಬೇಕೆಂದು ಗೊತ್ತಾಗದೆ ನಿನ್ನ ಕೈಗೇ ಕೊಟ್ಟುಬಿಟ್ಟೆ. ದೇವರು, ಹಣೆಬರಹ ಎಂದೆಲ್ಲ ಬರೆದರೆ ಸುಳ್ಳು ಬರೆದಂತಾಗುತ್ತದೆ. ಅದಕ್ಕೇ ಎಲೆಯ ಸುದ್ದಿ.

ಫೋನು ಇಲ್ಲಿ ಸಿಗುವುದಿಲ್ಲ. ದಿನಸಿ ತರುವ ಜೀಪು ವಾರಕ್ಕೊಮ್ಮೆ ಪತ್ರ ಒಯ್ಯುತ್ತದೆ, ಮಳೆ ಜೋರಾದರೆ ಅದೂ ಇಲ್ಲ.

ಒಂದು ಕಡೆ ಕೂರಲಾರದ ನಿನ್ನ
ಮಿಡತೆ


ಜುಲೈ 3

ಮಿಡತೆಗೆ,

ಸೈಕಲ್ ರಿಪೇರಿ ಮಾಡುವವನ ಕೈಯಲ್ಲಿ ನಿನ್ನಷ್ಟು ಉದ್ದದ ಪತ್ರ ಆಗುವುದಿಲ್ಲ. ಕೈಯ ಗ್ರೀಸು ಕಾಗದಕ್ಕೂ ಹತ್ತಿದೆ, ಮೂಸಿ ನೋಡಿದರೆ ಭಾವನದೇ ಪತ್ರ ಎಂದು ಗೊತ್ತಾಗುತ್ತದೆ.

ನಿನ್ನ ಅಕ್ಕ ಇನ್ನೂ ಒಳಕೋಣೆಯಲ್ಲೇ ಇದ್ದಾಳೆ. ಹೊಲಿಗೆ ಬಟ್ಟೆಯ ತುಂಡುಗಳನ್ನು ಇಡುತ್ತಿದ್ದಳಲ್ಲ, ಅದೇ ಕೋಣೆ. ಕಿಟಕಿ ಮೊದಲೇ ಇಲ್ಲ. ಹೋದ ವಾರ ಬಲ್ಬನ್ನೂ ಬಿಚ್ಚಿ ಬಾಗಿಲ ಹೊರಗೆ ಇಟ್ಟಳು, ತಟ್ಟೆ ಲೋಟ ಇಟ್ಟ ಹಾಗೆ. ಊಟ ಬಾಗಿಲ ಹತ್ತಿರ ಇಡುತ್ತೇನೆ. ನಾನು ಮೆಟ್ಟಿಲಿಳಿದು ಅಂಗಡಿಗೆ ಹೋದ ಸದ್ದು ಕೇಳಿದ ಮೇಲೆ ತಿನ್ನುತ್ತಾಳೆ. ಅರ್ಧ ತಿನ್ನುತ್ತಾಳೆ. ನನ್ನ ಎದುರಿಗೆ ತಿನ್ನಲು ಏನಾಗಿದೆ ಎಂದು ಕೇಳಬೇಕು ಅನಿಸುತ್ತದೆ, ಕೇಳುವುದಿಲ್ಲ.

ನಿನ್ನ ಪತ್ರವನ್ನು ಬಾಗಿಲ ಪಕ್ಕ ಸ್ಟೂಲ್ ಹಾಕಿಕೊಂಡು ಗಟ್ಟಿಯಾಗಿ ಓದಿದೆ. ಓದಿ ಮುಗಿದು ಬಹಳ ಹೊತ್ತಾದ ಮೇಲೆ ಒಳಗಿನಿಂದ, "ಹತ್ತೋವಾಗ ಅವಳಿಗೆ ಭಯ ಆಗಲ್ವಂತಾ?" ಎಂದಳು. ನಾನು ಸ್ಟೂಲ್ ಬೀಳಿಸಿಕೊಂಡು ಎದ್ದು ನಿಂತೆ. "ಕೇಳಿ ಬರೀತೀನಿ, ಇವತ್ತೇ ಬರೀತೀನಿ" ಎಂದೆ. ಅಷ್ಟೇ, ಮತ್ತೆ ಮಾತಿಲ್ಲ. ಆದರೂ ಎಷ್ಟೋ ದಿನದ ಮೇಲೆ ಅವಳು ಆಡಿದ ಮೊದಲ ಪೂರ್ತಿ ಮಾತು ಅದು. ಆದ್ದರಿಂದ ಬರಿ. ನಿನ್ನ ಎಲೆ ನನಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ.

ಡಾಕ್ಟರು ಸಮಯ ಕೊಡಿ ಎನ್ನುತ್ತಾರೆ. ಕೊಡುತ್ತಲೇ ಇದ್ದೇನೆ. ಎದುರುಮನೆಯ ಅತ್ತೆ ನಿನ್ನೆ ಬೀದಿಯಲ್ಲೇ ನಿಂತು, "ಎಷ್ಟು ದಿನ ಅಂತ ಕೂಡಿಹಾಕ್ತೀಯಪ್ಪಾ ಹೆಂಡ್ತೀನ?" ಎಂದು ಕೇಳಿದರು. ಗಿರಾಕಿಗಳೆಲ್ಲ ತಲೆಯೆತ್ತಿ ನೋಡಿದರು. ನಾನು ಟ್ಯೂಬನ್ನು ನೀರಿಗೆ ಅದ್ದಿ ಪಂಕ್ಚರ್ ಹುಡುಕುತ್ತಿದ್ದೆ. ಹುಡುಕುತ್ತಲೇ ಇದ್ದೆ.

ನಿನ್ನ ಭಾವ


ಜುಲೈ 22

ಅಕ್ಕಾ,

ಭಯ ಆಗುತ್ತದೆ. ಹತ್ತುವಾಗಲ್ಲ, ಮೇಲೆ ತಲುಪಿ ಕೆಳಗೆ ನೋಡಿದಾಗ. ಕೆಳಗೆ ನೆಲವೇ ಕಾಣುವುದಿಲ್ಲ, ಬರೀ ಎಲೆಗಳ ಬೆನ್ನು. ಅದರ ಮೇಲೆ ನಡೆದುಕೊಂಡೇ ಹೋಗಬಹುದು ಅನಿಸುತ್ತದೆ. ಹಾಗನಿಸುವುದೇ ಭಯ.

ಈಗ ಮೂರು ವಾರದಿಂದ ನನಗೆ ಕೆಳಗಿನ ಕೆಲಸ. ದೊಡ್ಡ ಮರಗಳ ಬುಡದಲ್ಲಿ ಮೊಣಕಾಲೆತ್ತರದ ಸಸಿಗಳಿವೆ. ಅವು ಎಷ್ಟು ವರ್ಷದವು ಎಂದು ಊಹಿಸು ನೋಡೋಣ. ಕೆಲವಕ್ಕೆ ನನಗಿಂತ ಹೆಚ್ಚು ವಯಸ್ಸಂತೆ! ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಒಂದೆರಡು ಪಾಲು ಕೂಡ ಅವಕ್ಕೆ ಸಿಗುವುದಿಲ್ಲ. ಬೆಳೆಯುವುದಿಲ್ಲ, ಸಾಯುವುದೂ ಇಲ್ಲ, ಸುಮ್ಮನೆ ಇರುತ್ತವೆ. ಆಗಾಗ ಮೇಲಿನ ಎಲೆಗಳ ಸಂದಿಯಿಂದ ಒಂದು ಚುಕ್ಕೆ ಬಿಸಿಲು ಜಾರಿ ಬರುತ್ತದೆ, ಎಲೆಯ ಮೇಲೆ ಕೂರುತ್ತದೆ, ಹೋಗುತ್ತದೆ. ದಿನದ ಊಟದಲ್ಲಿ ಹೆಚ್ಚಿನ ಪಾಲು ಆ ಚುಕ್ಕೆಗಳಿಂದಲೇ.

ಆದರೆ ಎಲೆ ತಕ್ಷಣ ಉಣ್ಣುವುದಿಲ್ಲ. ಕತ್ತಲಲ್ಲಿ ಮಂಕಾಗಿರುತ್ತದೆ, ಎಚ್ಚರಾಗಲು ಹೊತ್ತು ಬೇಕು. ಅಷ್ಟರಲ್ಲಿ ಚುಕ್ಕೆ ಹೋಗಿರುತ್ತದೆ. ಬೇಗನೆ ಇನ್ನೊಂದು ಚುಕ್ಕೆ ಬಂದರೆ ಪರವಾಗಿಲ್ಲ, ಮೊದಲಿನದರ ಎಚ್ಚರ ಇನ್ನೂ ಇರುತ್ತದೆ. ತಡವಾದರೆ ಮತ್ತೆ ಮೊದಲಿನಿಂದ. ಯಂತ್ರ ಹಿಡಿದು ಕೂತು, "ಬೇಗ ಏಳೇ ಸೋಮಾರಿ, ಹೋಗ್ತಾ ಇದೆ" ಎಂದು ಎಲೆಗೆ ಬೈಯುತ್ತೇನೆ. ಹಗ್ಗದಣ್ಣ ಕೇಳಿಸಿಕೊಂಡು, "ಬೈದ್ರೆ ಏಳ್ತದಾ? ನಿನ್ನನ್ನ ಶಾಲೇಲಿ ಬೈದ್ರಲ್ಲ, ಎದ್ಯಾ?" ಎಂದರು. ಎದ್ದೆ, ಎದ್ದು ಮನೆಗೆ ಬಂದೆ ಎಂದೆ. ಬಹಳ ಹೊತ್ತು ನಕ್ಕರು.

ತೆಳ್ಳಗೆ ಮೋಡ ಕವಿದ ದಿನ ಇವಕ್ಕೆ ಒಳ್ಳೆಯದು. ಬಿಸಿಲು ಒಂದೇ ಕಡೆಯಿಂದ ಚುಚ್ಚದೆ ಹಾಲಿನಂತೆ ಎಲ್ಲ ಕಡೆಯಿಂದ ಇಳಿಯುತ್ತದೆ, ಕೆಳಗಿನವಕ್ಕೂ ಪಾಲು ಸಿಗುತ್ತದೆ. ನಿನ್ನೆ ಅಂಥ ದಿನವಿತ್ತು. ಸಸಿಗಳ ನಡುವೆ ಕುಳಿತಿದ್ದೆ. ನಿನ್ನ ನೆನಪಾಯಿತು. ಯಾಕೆಂದು ಬರೆಯುವುದಿಲ್ಲ, ಬರೆದರೆ ನಿನಗೆ ಸಿಟ್ಟು ಬರುತ್ತದೆ.

ಮಿಡತೆ


ಆಗಸ್ಟ್ 10

ಭಾವ,

ಈ ಪತ್ರ ನಿಮಗೆ ಮಾತ್ರ. ಅಕ್ಕನಿಗೆ ಓದಿ ಹೇಳಬೇಡಿ.

ಮೊನ್ನೆ ಗಾಳಿಗೆ ಒಂದು ಹೆಮ್ಮರ ಬಿತ್ತು. ಬೀಳುವಾಗ ಅಕ್ಕಪಕ್ಕದ ಎರಡನ್ನು ಎಳೆದುಕೊಂಡೇ ಬಿತ್ತು. ಬೆಳಿಗ್ಗೆ ಮೋಡ ಸರಿದಾಗ ನೋಡಿದರೆ ಕಾಡಿನ ಸೂರಿಗೆ ತೂತು. ಆ ತೂತಿನಿಂದ ಬಿಸಿಲು ನೇರವಾಗಿ ನನ್ನ ಸಸಿಗಳ ಮೇಲೆ! ಓಡಿಹೋಗಿ ಯಂತ್ರ ಹಚ್ಚಿದೆ. ಇಷ್ಟು ದಿನ ಸೊನ್ನೆಯ ಹತ್ತಿರ ತೆವಳುತ್ತಿದ್ದ ಅಂಕಿ ಜಿಗಿದು ಮೇಲೆ ಹೋಯಿತು. ಒಂದರ ನಂತರ ಒಂದು, ಎಲ್ಲ ಸಸಿಗಳಲ್ಲೂ. ನಾನು ಕುಣಿದೆ, ನಿಜವಾಗಿಯೂ ಕುಣಿದೆ, ಕೆಸರಿನಲ್ಲಿ. ಮೇಡಂ, "ಇವತ್ತಿನ ಅಂಕಿ ನೋಡಿ ಏನೂ ಹೇಳಕ್ಕಾಗಲ್ಲ. ಇನ್ನೊಂದು ಹತ್ತು ದಿನ ನೋಡೋಣ" ಎಂದರು. ಅವರು ಯಾವಾಗಲೂ ಹಾಗೆಯೇ.

ಜೀಪು ಇನ್ನೇನು ಹೊರಡುತ್ತದೆ, ಅದಕ್ಕೆ ಬೇಗ ಬರೆಯುತ್ತೇನೆ. ಭಾವ, ನಾವು ತಪ್ಪು ಮಾಡುತ್ತಿದ್ದೇವೆ. ತಾನಾಗಿ ಬರಲಿ ಎಂದು ಕಾಯುತ್ತಿದ್ದೇವೆ. ಈ ಸಸಿಗಳು ತಾವಾಗಿ ಎಲ್ಲಿಗೂ ಬರಲಿಲ್ಲ, ಬೆಳಕೇ ಬಂತು. ಒಳಕೋಣೆಯ ಬಾಗಿಲನ್ನು ಕಿತ್ತುಬಿಡಿ. ತಿರುಪು ಬಿಚ್ಚುವುದು ನಿಮಗೇನು ಹೊಸದೇ? ಹೊಲಿಗೆ ಯಂತ್ರದ ಹತ್ತಿರ, ಬೀದಿಯ ಕಿಟಕಿಯ ಪಕ್ಕ ಅವಳನ್ನು ಕೂರಿಸಿ. ಜನ ಬರಲಿ, ಮಾತಾಡಿಸಲಿ. ಮೊದಲ ಒಂದೆರಡು ದಿನ ಅತ್ತರೂ ಬಿಡಬೇಡಿ.

ನನ್ನನ್ನು ಸಾಕಿದವಳು ಅವಳು. ಅಮ್ಮ ಹೋದಾಗ ಅವಳಿಗೆ ನನ್ನ ಈಗಿನ ವಯಸ್ಸು ಕೂಡ ಆಗಿರಲಿಲ್ಲ. ಆ ಕತ್ತಲಲ್ಲಿ ಅವಳನ್ನು ಹೀಗೆ ಬಿಟ್ಟರೆ ಒಂದು ದಿನ ಅವಳು ಇರುವುದಿಲ್ಲ. ನಿಮಗೂ ಗೊತ್ತು, ನಾವಿಬ್ಬರೂ ಅದನ್ನು ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೆ.

ಮಿಡತೆ


ಆಗಸ್ಟ್ 24

ಮಿಡತೆಗೆ,

ಬಾಗಿಲು ಕಿತ್ತೆ. ಮೂರು ಕೀಲು, ತುಕ್ಕು ಹಿಡಿದಿದ್ದವು, ಎಣ್ಣೆ ಬಿಟ್ಟು ಬಿಚ್ಚಬೇಕಾಯಿತು. ಒಳಗೆ ಅವಳು ಗೋಡೆಗೊರಗಿ ಕೂತು ನೋಡುತ್ತಿದ್ದಳು, "ಏನ್ರೀ ಮಾಡ್ತಿದೀರಾ?" ಎಂದು ಕೂಡ ಕೇಳಲಿಲ್ಲ. ಕೈಹಿಡಿದು ಎಬ್ಬಿಸಿದೆ, ಎದ್ದಳು. ಬೆಳಕಿಗೆ ಬಂದಾಗ ನೋಡಿದೆ, ಅವಳು ಎಷ್ಟು ತೆಳ್ಳಗಾಗಿದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ. ಇಷ್ಟು ದಿನ ಅವಳ ಕೈ ಮಾತ್ರ ಕಂಡಿತ್ತು, ತಟ್ಟೆ ಹೊರಗಿಡುವಾಗ.

ಈಗ ದಿನಾ ಬೆಳಿಗ್ಗೆಯಿಂದ ಕಿಟಕಿಯ ಹತ್ತಿರ ಕೂರುತ್ತಾಳೆ. ಕೂರು ಎಂದಲ್ಲಿ ಕೂರುತ್ತಾಳೆ, ಕೊಟ್ಟಷ್ಟು ತಿನ್ನುತ್ತಾಳೆ. ನೀನು ಹೇಳಿದ ಹಾಗೆ ಅಳುತ್ತಾಳೇನೋ ಎಂದು ಹೆದರಿದ್ದೆ, ಅಳಲೇ ಇಲ್ಲ. ಬೀದಿಯವರೆಲ್ಲ ಒಬ್ಬೊಬ್ಬರಾಗಿ ಬಂದು ಮಾತಾಡಿಸಿ ಹೋದರು. ಅಂಗಡಿಯಲ್ಲಿ ಕೂತರೆ ಮೇಲೆ ಹೆಂಗಸರ ಮಾತು ಕೇಳಿಸುತ್ತದೆ. ಎಷ್ಟು ತಿಂಗಳಾಗಿತ್ತೋ. ಮೊನ್ನೆ ಸೀಟಿ ಹೊಡೆದುಕೊಂಡು ಚಕ್ರದ ಕಡ್ಡಿ ಬಿಗಿಯುತ್ತಿದ್ದೆನಂತೆ, ಗಿರಾಕಿಯೊಬ್ಬ, "ಏನ್ ಮೇಸ್ತ್ರಿ, ಲಾಟರಿ ಹೊಡೀತಾ?" ಎಂದ.

ಇನ್ನೂ ಒಳ್ಳೆಯ ಸುದ್ದಿ ಕೇಳು. ಎದುರುಮನೆಯ ಅತ್ತೆ ತಮ್ಮ ಮಗಳ ಕೂಸನ್ನು ಎತ್ತಿಕೊಂಡು ಬಂದಿದ್ದರು. "ಹಿಡ್ಕೋ ಒಂಚೂರು, ಮಗು ಮುಖ ನೋಡಿದ್ರೆ ಎಲ್ಲಾ ಮರ್ತುಹೋಗುತ್ತೆ" ಎಂದು ಅವಳ ತೊಡೆಯ ಮೇಲೆ ಮಲಗಿಸಿಯೇಬಿಟ್ಟರು. ಟೀ ತಂದ ನಾನು ಅಲ್ಲೇ ನಿಂತೆ. ನಿನ್ನ ಅಕ್ಕ ಮಗುವನ್ನು ನೋಡಿದಳು. ಆಮೇಲೆ "ಸಾಕು" ಎಂದಳು. ಅತ್ತೆ ನಕ್ಕು, "ಇಷ್ಟು ಬೇಗ ಸಾಕಾಯ್ತಾ? ಇರಲಿ ಹಿಡ್ಕೊಂಡಿರು, ನಾನು ಟೀ ಕುಡೀತೀನಿ" ಎಂದರು. ಮಾತಾಡಿದಳು ಮಿಡತೆ! ಜನರ ಎದುರಿಗೆ, ತಾನಾಗಿ. ಅತ್ತೆ ಈಗ ದಿನಾ ಮಗುವನ್ನು ಕರೆತರುತ್ತೇನೆ ಎಂದಿದ್ದಾರೆ.

ನೀನು ಶಾಲೆ ಬಿಟ್ಟದ್ದೇ ಒಳ್ಳೆಯದಾಯಿತು. ಓದಿದ್ದರೆ ಡಾಕ್ಟರಾಗಿ ನೀನೂ ಸಮಯ ಕೊಡಿ ಎನ್ನುತ್ತಿದ್ದೆ.

ನಿನ್ನ ಭಾವ


ಆಗಸ್ಟ್ 27

ಭಾವ,

ನೀವು ಇನ್ನೂ ಬಾಗಿಲು ಕಿತ್ತಿಲ್ಲದಿದ್ದರೆ ಕೀಳಬೇಡಿ. ಕಿತ್ತಿದ್ದರೆ ಈ ಪತ್ರ ಓದಿ ಮುಗಿಸುವ ಮೊದಲು ವಾಪಸ್ ಹಾಕಿ.

ಸಸಿಗಳ ಎಲೆ ಬೆಳ್ಳಗಾಗುತ್ತಿದೆ. ಮೊದಲು ನಡುವೆ ಮಂಕು ಹಳದಿ, ಆಮೇಲೆ ಇಸ್ತ್ರಿ ಸುಟ್ಟ ಬಟ್ಟೆಯ ಹಾಗೆ ಕಂದು. ಯಂತ್ರ ಹಚ್ಚಿದರೆ ಅಂಕಿ ಮೊದಲಿಗಿಂತಲೂ ಕೆಳಗೆ. ಕತ್ತಲಲ್ಲಿ ಇದ್ದಾಗ ಉಣ್ಣುತ್ತಿದ್ದಷ್ಟನ್ನೂ ಈಗ ಉಣ್ಣುತ್ತಿಲ್ಲ. ಯಂತ್ರ ಕೆಟ್ಟಿದೆ ಎಂದು ಮೇಡಂ ಹತ್ತಿರ ಜಗಳಕ್ಕೆ ಹೋದೆ. ಅವರು ಯಂತ್ರವನ್ನು ಕೆಳಗಿಟ್ಟು ನನ್ನನ್ನು ಕೂರಿಸಿಕೊಂಡು ಹೇಳಿದರು. ನೆರಳಿನಲ್ಲಿ ಹುಟ್ಟಿದ ಎಲೆ ನೆರಳಿಗೆಂದೇ ಕಟ್ಟಿಕೊಂಡ ಎಲೆ. ತೆಳ್ಳಗೆ, ಅಗಲವಾಗಿ, ಸಿಕ್ಕ ಚೂರು ಬೆಳಕನ್ನೂ ಬಿಡದೆ ಹಿಡಿಯುವ ಹಾಗೆ. ಅದಕ್ಕೆ ಒಮ್ಮೆಲೇ ಇಷ್ಟು ಬೆಳಕು ಬಿದ್ದರೆ ಹಿಡಿಯುವುದನ್ನು ನಿಲ್ಲಿಸಲು ಬರುವುದಿಲ್ಲ, ಉಣ್ಣಲೂ ಆಗುವುದಿಲ್ಲ. ಉಣ್ಣಲಾಗದೆ ಉಳಿದ ಬೆಳಕೇ ಎಲೆಯನ್ನು ಒಳಗಿನಿಂದ ಸುಡುತ್ತದೆ.

"ಹಾಗಾದ್ರೆ ಇವೆಲ್ಲಾ ಸಾಯ್ತವಾ?" ಎಂದೆ.

"ಕೆಲವು ಈ ಎಲೆ ಉದುರಿಸಿ ಬಿಸಿಲಿಗೆ ತಕ್ಕ ಹೊಸ ಎಲೆ ತರ್ತವೆ. ಬೇರಲ್ಲಿ ಏನಾದ್ರೂ ಕೂಡಿಟ್ಟುಕೊಂಡಿದ್ರೆ."

"ಇಲ್ದಿದ್ರೆ?"

ಅವರು ಯಂತ್ರ ಎತ್ತಿಕೊಂಡು ಮುಂದಿನ ಸಸಿಯ ಹತ್ತಿರ ಹೋದರು.

ನಾನು ಮೊದಲ ಬೆಳಗಿನ ಅಂಕಿ ನೋಡಿ ನಿಮಗೆ ಬರೆದೆ ಭಾವ. ಒಂದೇ ಒಂದು ಬೆಳಗು. ಅವರು ಕಾಯೋಣ ಎಂದಿದ್ದರು. ದಯವಿಟ್ಟು ಬಾಗಿಲು ಹಾಕಿ. ಬಲ್ಬನ್ನೂ ಹಾಕಬೇಡಿ. ಸ್ಟೂಲ್ ಹಾಕಿಕೊಂಡು ಹೊರಗೆ ಕೂತಿರಿ, ಸಾಕು.

ಮಿಡತೆ


ಸೆಪ್ಟೆಂಬರ್ 6

ಭಾವ,

ನಿಮ್ಮ 24ರ ಪತ್ರ ಇವತ್ತು ಸಿಕ್ಕಿತು. ದಾರಿಗೆ ಮರ ಬಿದ್ದು ಜೀಪು ಬಂದಿರಲಿಲ್ಲವಂತೆ. ಹಾಗಾದರೆ ನನ್ನದೂ ಇನ್ನೂ ಎಲ್ಲೋ ಕೂತಿರುತ್ತದೆ.

ಅವಳು ಸಾಕು ಎಂದರೆ ಸಾಕು ಎಂದೇ ಅರ್ಥ. ಆ ಮಗುವನ್ನು ಮನೆಯೊಳಗೆ ಬಿಡಬೇಡಿ.

ನಾನು ಇದೇ ಜೀಪಿನಲ್ಲಿ ಬರುತ್ತಿದ್ದೆ. ಚಾಲಕ, ನಡುವೆ ಹಳ್ಳ ತುಂಬಿದೆ, ಸಾಮಾನು ಬಿಟ್ಟು ಜನರನ್ನು ಕೂರಿಸಿಕೊಳ್ಳುವುದಿಲ್ಲ ಎಂದ. ಎಷ್ಟು ಬೈದರೂ ಕೇಳಲಿಲ್ಲ. ಪತ್ರ ಮಾತ್ರ ಒಯ್ಯುತ್ತಾನೆ.

ಮಿಡತೆ


ಸೆಪ್ಟೆಂಬರ್ 11

ಮಿಡತೆಗೆ,

ನಿನ್ನ ಎರಡು ಪತ್ರಗಳೂ ಇವತ್ತು ಒಟ್ಟಿಗೇ ಬಂದವು. ಎಲ್ಲ ಆಗಿಹೋಗಿ ಐದು ದಿನ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಬೇರೆ ಯಾರಿಂದಲೋ ಬೇರೆ ಥರ ಕೇಳುವುದು ಬೇಡ. ಆವತ್ತು ಮಳೆ ಬಿಟ್ಟು ಒಳ್ಳೆಯ ಬಿಸಿಲಿತ್ತು. ಅತ್ತೆ ಕೂಸನ್ನು ಕಿಟಕಿಯ ಕೆಳಗೆ ಚಾಪೆಯ ಮೇಲೆ ಮಲಗಿಸಿ, ಒಲೆ ಆರಿಸಿ ಬರುತ್ತೇನೆ ಎಂದು ಹೋದರಂತೆ. ವಾಪಸ್ ಬಂದಾಗ ಚಾಪೆ ಖಾಲಿ, ನಿನ್ನ ಅಕ್ಕನ ಕುರ್ಚಿಯೂ ಖಾಲಿ. ಒಳಕೋಣೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು, ಮಗುವನ್ನು ಎದೆಗೆ ಒತ್ತಿಕೊಂಡು. "ಕೊಡೇ" ಎಂದರೆ ಕೊಡಲಿಲ್ಲ, ತಿರುಗಿಯೂ ನೋಡಲಿಲ್ಲ. ಅತ್ತೆ ಕಿರುಚಿಕೊಂಡರು. "ಮಗು ಕದ್ದಳು, ಕೊಂದುಬಿಡ್ತಾಳೆ" ಎಂದರು. ಬೀದಿಗೆ ಬೀದಿಯೇ ಮೇಲೆ ಬಂತು. ತಡೆಯಲು ಬಾಗಿಲೇ ಇರಲಿಲ್ಲ, ನಾನೇ ಕಿತ್ತಿದ್ದೆನಲ್ಲ.

ನಾನೂ ಸ್ಪ್ಯಾನರ್ ಹಿಡಿದುಕೊಂಡೇ ಓಡಿದೆ. ಮಗು ನಿದ್ದೆ ಮಾಡುತ್ತಿತ್ತು, ಅಷ್ಟು ಗಲಾಟೆಯಲ್ಲೂ. ಅವಳ ಬೆರಳುಗಳನ್ನು ಬಿಡಿಸಿದವನು ನಾನು. ಒಂದೊಂದಾಗಿ ಬಿಡಿಸಿದೆ. ಮಗುವನ್ನು ಎಳೆದುಕೊಂಡಾಗಲೇ ಅದು ಎದ್ದು ಅತ್ತಿದ್ದು.

ಆಮೇಲಿಂದ ಅವಳು ಬಾಯಿ ಬಿಟ್ಟಿಲ್ಲ, ಮಾತಿಗೂ ಇಲ್ಲ, ಅನ್ನಕ್ಕೂ ಇಲ್ಲ. ಆಸ್ಪತ್ರೆಗೆ ಸೇರಿಸಿದ್ದೇನೆ, ಹೆಂಗಸರ ಮನೋರೋಗದ ವಾರ್ಡು. ಮೂಗಿನಿಂದ ಕೊಳವೆ ಹಾಕಿ ಗಂಜಿ ಬಿಡುತ್ತಾರೆ. ಅಲ್ಲಿ ಹಗಲು ರಾತ್ರಿ ಟ್ಯೂಬ್‌ಲೈಟು ಉರಿಯುತ್ತಿರುತ್ತದೆ. ಆರಿಸಬಹುದೇ ಎಂದು ನರ್ಸಮ್ಮನನ್ನು ಕೇಳಿದೆ. "ಆರಿಸಿದ್ರೆ ಇವರನ್ನೆಲ್ಲಾ ಯಾರು ನೋಡ್ಕೊಳ್ತಾರೆ, ನೀವು ಬರ್ತೀರಾ?" ಎಂದರು.

ನಿನ್ನನ್ನು ಬೈಯುವುದಿಲ್ಲ. ಹೇಳಿದ ಬಾಯಿ ನಿನ್ನದಾದರೂ ಕಿತ್ತ ಕೈ ನನ್ನದು. ನಿನ್ನ ಪತ್ರ ಓದಿದ ಮೇಲೆ ಬಾಗಿಲನ್ನು ಮತ್ತೆ ಕೂರಿಸಿದೆ. ಒಳಗೆ ಯಾರೂ ಇಲ್ಲ. ಆದರೂ ಕೂರಿಸಿದೆ.

ಭಾವ


ನವೆಂಬರ್ 26

ಅಕ್ಕಾ,

ಕಳೆದ ತಿಂಗಳು ನಾನು ಬಂದಾಗ ನೀನು ಮುಖ ತಿರುಗಿಸಿಕೊಂಡೆ. ನರ್ಸಮ್ಮ, "ಇವತ್ತು ಹೋಗಿಬಿಡಮ್ಮಾ" ಎಂದರು. ಆಸ್ಪತ್ರೆಯ ಎದುರಿನ ಕಟ್ಟೆಯ ಮೇಲೆ ಸಂಜೆಯವರೆಗೂ ಕೂತಿದ್ದೆ. ಇಷ್ಟು ಹೊತ್ತು ಒಂದೇ ಕಡೆ ನಾನು ಯಾವತ್ತೂ ಕೂತಿರಲಿಲ್ಲ.

ಕೊಳವೆ ತೆಗೆದಿದ್ದಾರೆ, ಸ್ವಲ್ಪ ತಿನ್ನುತ್ತೀಯ ಎಂದು ಭಾವ ಬರೆದಿದ್ದರು. ಈ ಪತ್ರವನ್ನು ಯಾರು ಓದಿ ಹೇಳುತ್ತಾರೋ ಗೊತ್ತಿಲ್ಲ.

ಬಾಗಿಲು ಕೀಳಿಸಿದ್ದು ನಾನು. ಭಾವ ಹೇಳಿರುವುದಿಲ್ಲ, ಅದಕ್ಕೇ ನಾನೇ ಹೇಳುತ್ತಿದ್ದೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ಅದೂ ನಿನ್ನ ತಲೆಯ ಮೇಲೆ ಇನ್ನೊಂದು ಹೊರೆ.

ಇಲ್ಲಿ ಮಳೆ ನಿಂತಿದೆ. ಆಕಾಶ ಖಾಲಿ. ಕಾಡಿಗೆ ಇದೇ ಉಣ್ಣುವ ಕಾಲ, ಬೇರು ಆಳದಿಂದ ನೀರು ಎಳೆಯುತ್ತದೆ, ಮೇಲೆ ತುಂಬ ಬಿಸಿಲು. ಎತ್ತರದ ಮರಗಳು ಹಳೆಯ ಎಲೆ ಉದುರಿಸಿ ಚಿಗುರಿವೆ. ಗೋಪುರದಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರ ತಿಳಿಗೆಂಪು. ಚೆಂದವೆಂದರೆ ಚೆಂದ. ಆದರೆ ಚಿಗುರು ಇನ್ನೂ ಏನೂ ಉಣ್ಣುವುದಿಲ್ಲ, ಬಲಿಯುವವರೆಗೂ ಮರದ ಮೈಯಿಂದಲೇ ಹೀರುತ್ತದೆ. ಮೇಡಂ ಬಹಳ ಖುಷಿಯಲ್ಲಿದ್ದಾರೆ, ಇನ್ನೆರಡು ತಿಂಗಳಲ್ಲಿ ಒಳ್ಳೆಯ ಅಂಕಿ ಬರುತ್ತವೆ ಎನ್ನುತ್ತಾರೆ.

ಬಿದ್ದ ಮರದ ಹತ್ತಿರದ ಸಸಿಗಳಲ್ಲಿ ಹೆಚ್ಚಿನವು ಒಣಗಿದವು. ಒಂದೆರಡು ಮತ್ತೆ ಚಿಗುರಿವೆ. ಅದರಿಂದ ನಿನಗೂ ಹಾಗೆಯೇ ಆಗುತ್ತದೆ ಎಂದು ನಾನು ಬರೆಯುವುದಿಲ್ಲ. ಒಣಗಿದ ಸಸಿ ನೀನು ಎಂದೂ ಬರೆಯುವುದಿಲ್ಲ. ನೀನು ಸಸಿ ಅಲ್ಲ. ಅಷ್ಟು ತಿಳಿಯಲು ನನಗೆ ಇಷ್ಟೆಲ್ಲ ಆಗಬೇಕಾಯಿತು. ನೀನು ಹುಷಾರಾಗುತ್ತೀಯ ಎಂದು ಎಲ್ಲರೂ ಹೇಳುತ್ತಾರೆ. ನನಗೆ ಗೊತ್ತಿಲ್ಲ ಅಕ್ಕ.

ಒಂದು ಮಾತು ಮಾತ್ರ ಕೇಳಬೇಕು. ಆವತ್ತು ಏನಾಯಿತು? ಎಲ್ಲರೂ ಹೇಳಿದ್ದು ಕೇಳಿದ್ದೇನೆ. ನಿನ್ನಿಂದ ಕೇಳಿಲ್ಲ.

ಮಿಡತೆ


ಜನವರಿ 19

ಮಿಡತೆ,

ನರ್ಸಮ್ಮ ಪೆನ್ನು ಕೊಟ್ಟು ಪಕ್ಕದಲ್ಲೇ ನಿಂತಿದ್ದಾರೆ. ಬರೆದಾದ ಮೇಲೆ ವಾಪಸ್ ತಗೊಳ್ಳಬೇಕಂತೆ.

ಮನೆಗೆ ಕಳಿಸುತ್ತೇವೆ ಎನ್ನುತ್ತಾರೆ. ನಾನು ಹೋಗುವುದಿಲ್ಲ ಎಂದು ಹೇಳಿದ್ದೇನೆ. ಆ ಬೀದಿಯಲ್ಲಿ ಇನ್ನು ಮೇಲೆ ನಾನು ಹಾದುಹೋದರೆ ಮಕ್ಕಳನ್ನು ಒಳಗೆ ಕರೆದುಕೊಳ್ಳುತ್ತಾರೆ. ನಿನ್ನ ಭಾವನಿಗೆ ಹೇಳು. ಕಾಯುವುದು ಬೇಡ.

ನೀನೂ ಬರಬೇಡ. ನಿನ್ನ ಮೇಲೆ ಸಿಟ್ಟಿಲ್ಲ. ಯಾರ ಮೇಲೂ ಏನೂ ಇಲ್ಲ, ಅದೇ ತೊಂದರೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಬೇರೆ ಯಾರೂ ಕೇಳಲಿಲ್ಲ. ಬಿಸಿಲು ತಿರುಗಿ ಚಾಪೆಯ ಮೇಲೆ ಬಂದಿತ್ತು, ಮಗುವಿನ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಅದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ತಲೆಯನ್ನು ಆ ಕಡೆ ಈ ಕಡೆ ಹೊರಳಿಸುತ್ತಿತ್ತು, ಅಳಲೂ ಬರುತ್ತಿರಲಿಲ್ಲ. ಎತ್ತಿಕೊಂಡು ಒಳಗೆ ಹೋದೆ. ಅಲ್ಲಿಗೂ ಬೆಳಕು ಬರುತ್ತಿತ್ತು, ಬಾಗಿಲಿರಲಿಲ್ಲ. ಅದಕ್ಕೆ ಗೋಡೆಯ ಕಡೆ ತಿರುಗಿ ಕೂತೆ. ಆಗ ಕಣ್ಣು ಬಿಟ್ಟು ನನ್ನನ್ನು ನೋಡಿತು. ಆಮೇಲೆ ನಿದ್ದೆ ಹೋಯಿತು.

ಅಷ್ಟೇ ನಡೆದದ್ದು.

ಅಕ್ಕ